ನಾಯಿ ಸಾಕಿದವರ ಗಮನಕ್ಕೆ: ಚಿಗಟದ ವಿಷಯ

ನಮಸ್ಕಾರ್ರಿ. ಚಿಗಟಕ್ಕೆ ಔಷಧಿ ಬಿಟ್ಟು ಬೇರೇನಾದ್ರೂ ಇದೆಯಾ ಅಂತ ನಿನ್ನೆ ಕೇಳಿದ್ರಲ್ಲ. ಇದೆ, ಅದೂ ಪುಕ್ಕಟೆ: ನಮ್ಮ ರಾಯಚೂರಿನ ಬಿಸಿಲು! ಚಿಗಟದ ಮೊಟ್ಟೆ ನಾಯಿ ಮೈಮೇಲೆ ನಿಲ್ಲಲ್ಲ, ಮಲಗೋ ಗೋಣಿಚೀಲಕ್ಕೆ ಉದುರುತ್ತೆ. ಮರಿಹುಳಕ್ಕೆ ನೆರಳು, ತೇವ ಬೇಕು. ಆದ್ದರಿಂದ ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು, ಇಡೀ ದಿನ ಮಾಳಿಗೆ ಮೇಲೆ ಹರವಿ. ಮೂಲೆಗಳನ್ನು ಗುಡಿಸಿ. ಹೇನಿನ ಬಾಚಣಿಗೆಯಿಂದ ನಾಯಿ ಮೈ ಬಾಚಿ, ಸಿಕ್ಕಿದ ಚಿಗಟವನ್ನು ಸೋಪಿನ ನೀರಿಗೆ ಹಾಕಿ.

ಬೇವಿನೆಲೆ ಕುದಿಸಿ ಆರಿಸಿದ ನೀರಲ್ಲಿ ಮೈ ಒರೆಸಬಹುದು. ಅದನ್ನೇ ಪೂರ್ತಿ ನಂಬಬೇಡಿ. ಬೆಳ್ಳುಳ್ಳಿ ತಿನ್ನಿಸಬೇಡಿ, ಟೀ ಟ್ರೀ ಎಣ್ಣೆ ಹಚ್ಚಬೇಡಿ. ಎರಡೂ ನಾಯಿಗೆ ವಿಷ, ಯೂಟ್ಯೂಬ್ ಏನೇ ಹೇಳಲಿ.

ಮೈಗೆ ಕಚ್ಚಿಕೊಂಡು ರಕ್ತ ಹೀರೋ ಉಣ್ಣಿ ಬೇರೆ ಕಥೆ, ಅದರಿಂದ ರೋಗ ಬರಬಹುದು. ಜ್ವರ ಬಂದು ಊಟ ಬಿಟ್ಟರೆ, ಒಸಡು ಬಿಳಿಚಿದರೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.