ಮಗಳಿಗೊಂದು ಪತ್ರ: ಹುಣಸೆ ಇದ್ದಿಲು

ಮೈಸೂರು
ಧನುರ್ಮಾಸ

ಪುಟ್ಟಿ,

‘ಇನ್ನು ನಾನು ಬ್ರಷ್ ಮುಟ್ಟಲ್ಲ ಅಪ್ಪ’ ಅಂತ ನೀನು ಕಳಿಸಿದ ಸಾಲನ್ನು ನಿನ್ನೆಯಿಂದ ಎಷ್ಟು ಸಲ ಓದಿದೆನೋ. ಫೋನಿನಲ್ಲೇ ಉತ್ತರ ಬರೆದು ಬರೆದು ಅಳಿಸಿದೆ. ಭಾನುವಾರ ಆಡಿದ ಮಾತು ನಿನಗೂ ಗೊತ್ತು, ನನಗೂ ಗೊತ್ತು, ಅದನ್ನಿಲ್ಲಿ ಮತ್ತೆ ಎತ್ತುವುದಿಲ್ಲ. ನಿಮ್ಮಮ್ಮ ಬೆಳಿಗ್ಗೆ ದೇವಸ್ಥಾನದಿಂದ ಹುಗ್ಗಿ ತಂದು ನಿನಗೂ ಒಂದು ಬಟ್ಟಲು ತೆಗೆದಿಟ್ಟಳು. ಆಮೇಲೆ ನೀನಿಲ್ಲ ಅಂತ ನೆನಪಾಯಿತು.

ನನಗೆ ಆ ಕೊಳವೆಯೇ ನೆನಪಾಗುತ್ತಿದೆ. ನಿನಗಾಗ ಒಂಬತ್ತು ವರ್ಷ. ಸಂಕ್ರಾಂತಿ ಕಳೆದ ವಾರ ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಹುಣಸೆ ಮರಗಳ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ನೀನು ಪುಸ್ತಕ ತೆಗೆಯಲೇ ಇಲ್ಲ, ಕತ್ತೆತ್ತಿ ನೋಡುತ್ತ ನಿಂತೆ. ಬರೆಯೇ ಅಂತ ಎರಡು ಸಲ ಗದರಿದೆ. ಬರುವಾಗ ಕೆಳಗೆ ಬಿದ್ದ ಕಡ್ಡಿಗಳನ್ನು ಆರಿಸಿ ಲಂಗದ ಮಡಿಲು ತುಂಬಿಕೊಂಡೆ, ಚಿತ್ರ ಬರೆಯಲು ಇದ್ದಿಲು ಮಾಡೋಣ ಅಂತ.

ಹಿತ್ತಲಲ್ಲಿ ಕಬ್ಬಿಣದ ಕೊಳವೆಗೆ ಕಡ್ಡಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಬೆಂಕಿಗಿಟ್ಟೆವು. ಪೂರಾ ಆರುವವರೆಗೆ ಮುಟ್ಟಬಾರದು, ಬಿಸಿಯಲ್ಲಿ ಗಾಳಿ ಹೊಕ್ಕರೆ ಕಡ್ಡಿ ಹೊತ್ತಿಕೊಂಡು ಬೂದಿಯಾಗುತ್ತದೆ ಅಂತ ನಾನೇ ಹೇಳಿಕೊಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬರೀ ಬೂದಿ. ‘ಇವಳಿಗೆ ತಾಳ್ಮೆಯಿಲ್ಲ, ರಾತ್ರಿ ಕದ್ದು ತೆಗೆದಿದ್ದಾಳೆ’ ಅಂದೆ. ನೀನು ಅಳಲಿಲ್ಲ, ಇಲ್ಲ ಅಂತ ಒಂದೇ ಸಲ ಹೇಳಿದೆ. ನೆಂಟರ ಮುಂದೆ ಆ ಕತೆಯನ್ನು ಎಷ್ಟು ವರ್ಷ ಹೇಳಿ ನಗಿಸಿದ್ದೇನೆ.

ತೆಗೆದವನು ನಾನು, ಪುಟ್ಟಿ. ಒಂದು ಪಟ ಬೇಗ ಮುಗಿಸಿ ಕೊಡಬೇಕಿತ್ತು. ಕಡ್ಡಿ ಆಗಿದೆಯೋ ಅಂತ ರಾತ್ರಿ ಎದ್ದು ಹೋಗಿ ಮಣ್ಣು ಕೆರೆದು ತೆಗೆದೆ. ಕೆಂಪಗೆ ಹೊತ್ತಿಕೊಂಡಿತು. ಬಾಯಿ ಮುಚ್ಚಿ ಬಂದು ಮಲಗಿಬಿಟ್ಟೆ.

ಅದೇ ವರ್ಷ ಯುಗಾದಿ ಹೊತ್ತಿಗೆ ಹಳೇ ಕ್ಯಾಲೆಂಡರಿನ ಹಿಂದೆ ನೀನು ಹೆಜ್ಜಾರ್ಲೆ ಬರೆದೆ, ನೆನಪಿನಿಂದಲೇ. ಆ ಕೊಕ್ಕಿನ ಗೆರೆ ನನ್ನ ಕೈಗೆ ಇವತ್ತಿಗೂ ಬರುವುದಿಲ್ಲ. ಇದನ್ನು ನಿಮ್ಮಮ್ಮನ ಹತ್ತಿರ ಹೇಳಿದ್ದೆ, ನಿನಗೆ ಹೇಳಲಿಲ್ಲ.

ನಿಮ್ಮ ತಾತ ಧನುರ್ಮಾಸದಲ್ಲಿ ಹೊಸ ಪಟ ಶುರು ಮಾಡುತ್ತಿರಲಿಲ್ಲ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು, ಪಟ ಕೇಳಿ ಬರುವವರೂ ಕಡಿಮೆ. ಕಡ್ಡಿ ಸುಡುವುದು, ಗೋಂದು ಸೋಸುವುದು, ಮಕ್ಕು ಸಫೇದ ಅನ್ನುವ ಬಿಳಿ ಪುಡಿ ಅರೆಯುವುದು, ಇಷ್ಟೇ. ಮಧ್ಯಾಹ್ನ ನನ್ನನ್ನು ಜಗನ್ಮೋಹನ ಅರಮನೆಗೆ ಕರೆದೊಯ್ದು, ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದ ಗೋಡೆಚಿತ್ರಗಳ ಮುಂದೆ ನಿಲ್ಲಿಸುತ್ತಿದ್ದರು. ಒಂದು ದಿನಕ್ಕೆ ಒಂದು ಕೈ, ಇಲ್ಲವೇ ಒಂದು ಸೆರಗಿನ ಅಂಚು, ಅಷ್ಟನ್ನೇ ನೋಡಬೇಕು. ಸಂಕ್ರಾಂತಿ ಕಳೆದ ಮೇಲೆ ಮೊದಲ ಗೆರೆ. ನಾನು ಆ ಒಂದು ತಿಂಗಳನ್ನೂ ಆರ್ಡರಿಗೆ ಕೊಟ್ಟುಬಿಟ್ಟೆ. ನೀನು ಎಂಟು ದಿನ ಶಾಲು ಹೊದ್ದು ಮಹಡಿಯ ಮೇಲೆ ಆ ಹೊಂಗೆ ಎಲೆ ಉದುರುವುದನ್ನು ನೋಡುತ್ತ ಕೂತದ್ದು ತಾತನ ಕೆಲಸವೇ. ಅದನ್ನು ನಾನು ದಂಡಕ್ಕೆ ಕೂರುವುದು ಅಂದೆ.

ಹಾಗಂತ ಬೆಂಗಳೂರಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಮಲಗಬೇಡ. ಇಡೀ ದಿನ ಕಂಪ್ಯೂಟರ್ ನೋಡಿದ ಕಣ್ಣಿಗೆ ರಾತ್ರಿ ಫೋನ್ ಬೇಡ. ಮಂಜಿರುವಾಗಲೇ ಎದ್ದು ಲಾಲ್‌ಬಾಗಿಗೆ ಹೋಗು. ದಿನಾ ಒಂದೇ ಮರ ನೋಡು, ಬರೆಯಬೇಡ. ಬೇರೆಯವರು ಎಷ್ಟು ಚಿತ್ರ ಮುಗಿಸಿದರು ಅಂತ ಲೆಕ್ಕ ಹಾಕಬೇಡ. ಸ್ವೆಟರ್ ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಬ್ರಷ್ ಬೇಡವೆನ್ನಿಸಿ ಬಿಟ್ಟರೆ ಬಿಡು, ನನ್ನ ಮಾತಿಗೆ ನೊಂದು ಬಿಡಬೇಡ. ನನಗಿರುವ ಭಯ ಅದೊಂದೇ.

ನಿನ್ನೆ ಸಂಜೆ ಕೊಳವೆಗೆ ಕಡ್ಡಿ ತುಂಬಿ ಸುಟ್ಟೆ. ಹಿತ್ತಲಲ್ಲಿ ಹಾಗೇ ಇದೆ, ಬಾಯಿ ತೆಗೆದಿಲ್ಲ. ನಿಮ್ಮಮ್ಮ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹಾಕಿದ್ದಾಳೆ, ಸೊಗಡವರೆಯೂ ಬಂದಿದೆ. ಹಬ್ಬಕ್ಕೆ ಬರುವುದಾದರೆ ಫೋನ್ ಮಾಡು. ನನ್ನ ಹತ್ತಿರ ಮಾತು ಬೇಡ ಅನ್ನಿಸಿದರೆ ಅಮ್ಮನಿಗೇ ಮಾಡು.

ನಿನ್ನ
ಅಪ್ಪ