ಹಳೇ ವಿದ್ಯುತ್ ಸ್ಕೂಟರ್: ಬ್ಯಾಟರಿಯ ಲೆಕ್ಕ ಕಾಗದದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ವಿದ್ಯುತ್ ಸ್ಕೂಟರ್ ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುವಾಗ ಅದರ ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂಬುದನ್ನು ಬರೆದು ಕೊಡಲೇಬೇಕು ಎಂಬ ನಿಯಮ ಬರಬೇಕು. ಸಾರಿಗೆ ಇಲಾಖೆಯವರು, ಸ್ಕೂಟರ್ ಕಂಪೆನಿಗಳವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಹಳೇ ಗಾಡಿ ನೋಡಲು ಹೊರಟಿರುವ ನಮ್ಮೂರಿನವರೂ ಓದಲಿ.

ನಾನು ನೀರ್ಚಾಲಿನವಳು. ಒಂದು ಸಹಕಾರಿ ಬ್ಯಾಂಕಿಗೆ ಪಿಗ್ಮಿ, ಅಂದರೆ ಜನರ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುತ್ತೇನೆ. ಬದಿಯಡ್ಕದಿಂದ ಕುಂಬಳೆಯವರೆಗೆ ದಾರಿ ಬದಿಯ ದಿನಸಿ ಅಂಗಡಿ, ಹೋಟೆಲು, ಸೆಲೂನು, ಟೈಲರ್ ಅಂಗಡಿಗಳಿಗೆ ದಿನಾ ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ ಮತ್ತೆ ಹೊರಡುವ ಓಡಾಟ ಇದು. ಪೆಟ್ರೋಲ್ ಸ್ಕೂಟರ್ ಇಂಥ ಓಡಾಟದಲ್ಲಿ ಕುಡಿಯುವುದೇ ಹೆಚ್ಚು, ಕಮಿಷನ್ನಿನ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಹಾಗಾಗಿ ಕಾಸರಗೋಡು ಪೇಟೆಯಲ್ಲಿ ಹಳೇ ವಾಹನ ಮಾರುವ ಒಂದು ಅಂಗಡಿಯಿಂದ 48 ಸಾವಿರ ರೂಪಾಯಿಗೆ ವಿದ್ಯುತ್ ಸ್ಕೂಟರ್ ತೆಗೆದುಕೊಂಡೆ. 2022ರ ಆರಂಭದ ಮಾಡೆಲ್. ತೆಗೆದುಕೊಳ್ಳುವ ಮುಂಚೆ ನೋಡಬೇಕಾದ್ದನ್ನೆಲ್ಲ ನೋಡಿದ್ದೇನೆ. ಆರ್‌ಸಿ ಸರಿ ಇತ್ತು, ಸಾಲ ಬಾಕಿ ಇರಲಿಲ್ಲ, ವಿಮೆ ಚಾಲ್ತಿಯಲ್ಲಿತ್ತು, ಬ್ರೇಕು ಟೈರು ಚೆನ್ನಾಗಿದ್ದವು. ಅಣ್ಣನನ್ನು ಹಿಂದೆ ಕೂರಿಸಿಕೊಂಡು ಪೇಟೆಯೊಳಗೆ ಓಡಿಸಿಯೂ ನೋಡಿದೆ. ಬ್ಯಾಟರಿಯ ಬಗ್ಗೆ ಕೇಳಿದಾಗ ಅಂಗಡಿಯವರು ಮಲ್ಟಿಮೀಟರ್ ಇಟ್ಟು 58 ವೋಲ್ಟ್ ತೋರಿಸಿದರು. "ಚೇಚಿ, ಫುಲ್ ಉಂಟು, ಧೈರ್ಯವಾಗಿ ತೆಗೆದುಕೊಂಡು ಹೋಗಿ" ಎಂದರು.

ಮೊದಲ ವಾರ ಸಮತಟ್ಟು ದಾರಿಯಲ್ಲಿ ಏನೂ ಗೊತ್ತಾಗಲಿಲ್ಲ. ಒಂದು ಸಂಜೆ ಕುಂಬಳೆಯಲ್ಲಿ ಸಂಗ್ರಹ ಮುಗಿಸಿ ಮನೆಗೆ ಬರುವಾಗ, ನಾಯ್ಕಾಪು ದಾಟಿ ಏರು ಹತ್ತುತ್ತಿದ್ದಂತೆ ಗಾಡಿ ನಿಂತೇ ಹೋಯಿತು. ಪರದೆಯಲ್ಲಿ ಆಗ 38 ಶೇಕಡ ತೋರಿಸುತ್ತಿತ್ತು. ಒಂದೇ ಕ್ಷಣದಲ್ಲಿ ಅದು ಸೊನ್ನೆಗೆ ಬಂತು, ಹೆಡ್‌ಲೈಟೂ ಹೋಯಿತು. ಹಿಂದೆ ಟಿಪ್ಪರ್ ಲಾರಿ ಬರುತ್ತಿತ್ತು, ನನ್ನ ಚೀಲದಲ್ಲಿ ಹತ್ತಾರು ಜನರ ದುಡ್ಡಿತ್ತು. ಕತ್ತಲಲ್ಲಿ ಸ್ಕೂಟರನ್ನು ರಸ್ತೆಯ ಬದಿಗೆ ತಳ್ಳುವಾಗ ಆದ ಹೆದರಿಕೆ ಬೇರೆ ಯಾವ ಹೆಂಗಸಿಗೂ ಆಗಬಾರದು. ಆಮೇಲೂ ಹೀಗೆ ಆಗುತ್ತ ಬಂತು, ಯಾವಾಗಲೂ ಏರಿನಲ್ಲೇ.

ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗ ರಬ್ಬರ್ ಗ್ಲೌಸ್ ಹಾಕಿಕೊಂಡು ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದ. ಕಂಪೆನಿಯ ವಾರಂಟಿ ಹೇಗೂ ಮುಗಿದಿತ್ತು. ಒಳಗೆ ಬೆರಳು ಗಾತ್ರದ ಸೆಲ್‌ಗಳನ್ನು ಗುಂಪು ಗುಂಪಾಗಿ ನಿಕಲ್ ಪಟ್ಟಿಯಿಂದ ಬೆಸೆದಿದ್ದರು. ಹದಿನಾಲ್ಕು ಗುಂಪುಗಳು ಒಂದರ ಹಿಂದೆ ಒಂದು. ಅವನು ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಗುಂಪಿಗೆ ತಾಗಿಸುತ್ತ ಹೋದ: 3.6, 3.7, 3.6, 3.7. ಒಂಬತ್ತನೆಯದಕ್ಕೆ ತಾಗಿಸಿದಾಗ 2.9. ಅದರ ಪಟ್ಟಿಯ ಅಂಚಿನಲ್ಲಿ ಹಸಿರು ಕಿಲುಬೂ ಇತ್ತು. "ಅಕ್ಕಾ, ನೋಡಿ, ನಿಮ್ಮನ್ನು ದಾರಿಯಲ್ಲಿ ನಿಲ್ಲಿಸುವುದು ಇದೇ" ಎಂದ.

ಅವನು ವಿವರಿಸಿದ್ದನ್ನು ಹೇಳುತ್ತೇನೆ. ಕೆಂಪುಕಲ್ಲನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವಾಗ ನಡುವಿನ ಒಬ್ಬ ಸೋತರೆ ಸಾಲೇ ನಿಲ್ಲುವಂತೆ, ಒಂದು ಗುಂಪು ಸೋತರೆ ಇಡೀ ಬ್ಯಾಟರಿ ನಿಲ್ಲುತ್ತದೆ. ಏರು ಹತ್ತುವಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಸೋತ ಗುಂಪಿನ ವೋಲ್ಟೇಜು ದಢಕ್ಕನೆ ಕುಸಿಯುತ್ತದೆ. ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಬೋರ್ಡು ಅದನ್ನು ಕಂಡ ಕೂಡಲೇ ಸುರಕ್ಷತೆಗಾಗಿ ಎಲ್ಲವನ್ನೂ ಕಡಿದುಬಿಡುತ್ತದೆ. ಉಳಿದ ಹದಿಮೂರು ಗುಂಪುಗಳಲ್ಲಿ ಶಕ್ತಿ ಇದ್ದೂ ಉಪಯೋಗವಿಲ್ಲ. ಅಂಗಡಿಯಲ್ಲಿ ತೋರಿಸಿದ 58 ವೋಲ್ಟ್ ಸುಳ್ಳಲ್ಲ. ಆದರೆ ಅದು ಗಾಡಿ ನಿಂತಿರುವಾಗಿನ, ಚಾರ್ಜು ತುಂಬಿರುವಾಗಿನ ಲೆಕ್ಕ. ಎಷ್ಟು ಕಿಲೋಮೀಟರ್ ಓಡಬಲ್ಲದು ಎಂಬುದನ್ನು ಅದು ಹೇಳುವುದಿಲ್ಲ.

ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ಮೊದಲ ಮಾಲೀಕರ ಮನೆಗೂ ಹೋದೆ. ಅವರ ತಾಯಿ ಕೂರಿಸಿ ಚಾ ಕೊಟ್ಟು ಏನೂ ಮುಚ್ಚಿಡದೆ ಹೇಳಿದರು. ಮಗ ಗಲ್ಫಿಗೆ ಹೋದ ಮೇಲೆ ಗಾಡಿ ಪೋರ್ಚಿನಲ್ಲಿ ಎರಡು ಮಳೆಗಾಲ ನಿಂತಿತ್ತು, ಚಾರ್ಜಿಗೆ ಹಾಕುವವರು ಇರಲಿಲ್ಲ, ಅಂಗಡಿಯವರಿಗೂ ಇದನ್ನು ತಿಳಿಸಿದ್ದೆವು ಎಂದರು. ನಮ್ಮ ಜಿಲ್ಲೆಯಲ್ಲಿ ಇಂಥ ಪೋರ್ಚುಗಳು ಎಷ್ಟಿಲ್ಲ! ಪೆಟ್ರೋಲ್ ಗಾಡಿ ಹೀಗೆ ನಿಂತರೆ ಕಾರ್ಬುರೇಟರ್ ತೊಳೆದು, ಒಂದು ಹೊಸ ಬ್ಯಾಟರಿ ಹಾಕಿ ಓಡಿಸಬಹುದು. ಲಿಥಿಯಂ ಬ್ಯಾಟರಿ ಹಾಗಲ್ಲ. ಗಾಡಿ ನಿಂತಲ್ಲೇ ಇದ್ದರೂ ಒಳಗಿನ ಬೋರ್ಡು ಸ್ವಲ್ಪ ಸ್ವಲ್ಪ ಹೀರುತ್ತಲೇ ಇರುತ್ತದೆ. ಸೆಲ್ಲಿನ ವೋಲ್ಟೇಜು ತೀರಾ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ತೊಡಗುತ್ತದೆ. ಅದನ್ನು ಮತ್ತೆ ಚಾರ್ಜು ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹಿಡಿಯುವ ಅಪಾಯವೂ ಇದೆ. ಮಕ್ಕಳು ಊರಿಗೆ ಬರುವ ತನಕ ಗಾಡಿ ನಿಲ್ಲಿಸಿಡುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯಾಗಲೂ ಬಿಡಬೇಡಿ. ಅರ್ಧದಷ್ಟು ಇರಿಸಿ, ತಿಂಗಳಿಗೊಮ್ಮೆ ನೋಡಿಕೊಳ್ಳಿ. ಬಿಚ್ಚಿ ತೆಗೆಯಲು ಬರುವಂಥದ್ದಾದರೆ ತೇವ ತಾಗದ, ತಂಪಾದ ಜಾಗದಲ್ಲಿಡಿ.

ಇಷ್ಟು ಗೊತ್ತಾದ ಮೇಲೆ ಅಂಗಡಿಗೆ ಹೋದೆ. "ಬ್ಯಾಟರಿ ಹಾಳಾಗಿದೆ ಎಂದು ಕಂಪೆನಿಯವರು ಬರೆದು ಕೊಡಲಿ, ಆಮೇಲೆ ಮಾತಾಡುವ" ಎಂದರು. ಸರಿ ಎಂದು ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ತಂತ್ರಜ್ಞರು ಲ್ಯಾಪ್‌ಟಾಪ್ ಜೋಡಿಸಿ ಐದೇ ನಿಮಿಷದಲ್ಲಿ ಎಲ್ಲವನ್ನೂ ನೋಡಿದರು. ಯಾವ ಗುಂಪು ಸೋತಿದೆ, ಎಷ್ಟು ಸಲ ಚಾರ್ಜಾಗಿದೆ, ಹೊಸದರ ಶೇಕಡ ಎಷ್ಟು ಸಾಮರ್ಥ್ಯ ಉಳಿದಿದೆ, ಎಲ್ಲವೂ ಪರದೆಯ ಮೇಲೆ ಇತ್ತು. ಬಾಯಲ್ಲಿ "ಬ್ಯಾಟರಿ ವೀಕ್, ಬದಲಿಸಬೇಕು" ಎಂದರು. ಅದನ್ನೇ ಪ್ರಿಂಟ್ ತೆಗೆದು ಕೊಡಿ ಎಂದರೆ "ಅದು ಕಂಪೆನಿಯ ಒಳಗಿನ ಮಾಹಿತಿ, ಗ್ರಾಹಕರಿಗೆ ಕೊಡುವ ಹಾಗಿಲ್ಲ" ಎಂಬ ಉತ್ತರ. ಹೊಸ ಬ್ಯಾಟರಿಗೆ ಹೇಳಿದ ಬೆಲೆ ನಾನು ಗಾಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು.

ನನಗೆ ಸಿಟ್ಟು ಬಂದದ್ದು ಇಲ್ಲಿ. ಗಾಡಿ ನನ್ನದು, ಆರ್‌ಸಿ ನನ್ನ ಹೆಸರಿನಲ್ಲಿದೆ, ಬ್ಯಾಟರಿ ನನ್ನದು. ಆ ಬ್ಯಾಟರಿಯೇ ತನ್ನ ಬಗ್ಗೆ ಬರೆದಿಟ್ಟುಕೊಂಡ ಲೆಕ್ಕ ಮಾತ್ರ ನನ್ನದಲ್ಲ ಎಂದರೆ ಹೇಗೆ? ಮಾರುವವರು ಕಾಗದ ಕೇಳುತ್ತಾರೆ, ಕಾಗದ ಕೊಡಬೇಕಾದವರು ಕೊಡುವುದಿಲ್ಲ. ಇವರಿಬ್ಬರ ನಡುವೆ ನನ್ನಂಥವರ ದುಡ್ಡು ಮುಳುಗುತ್ತದೆ. ಯುರೋಪಿನವರು 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಲ್ಲಿ ವಿದ್ಯುತ್ ಸೈಕಲ್, ಸ್ಕೂಟರ್‌ಗಳ ಬ್ಯಾಟರಿ ಕೊಂಡವರಿಗೂ ಅದರ ಆರೋಗ್ಯದ ಲೆಕ್ಕ ಓದುವ ಹಕ್ಕು ಕೊಟ್ಟಿದ್ದಾರೆ, 2024ರ ಆಗಸ್ಟಿನಿಂದ ಅದು ಅನ್ವಯವಾಗುತ್ತದೆ. ಮಾಡಬೇಕೆಂದರೆ ಮಾಡಬಹುದಾದ ಕೆಲಸವೇ ಇದು.

ನಮ್ಮ ಸರಕಾರಕ್ಕೂ ಬ್ಯಾಟರಿಯ ಲೆಕ್ಕ ಗೊತ್ತಿಲ್ಲದ್ದೇನಲ್ಲ. 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆದ, ವಿದ್ಯುತ್ ವಾಹನಗಳಿಗೆ ಉತ್ತೇಜನ ಕೊಡುವ ಕೇಂದ್ರದ ಫೇಮ್ ಯೋಜನೆಯ ಎರಡನೇ ಹಂತದಲ್ಲಿ ದ್ವಿಚಕ್ರ ವಾಹನಗಳಿಗೆ ಸಬ್ಸಿಡಿ ಕೊಟ್ಟದ್ದು ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂದು ನೋಡಿಯೇ. 2021ರ ಜೂನ್‌ನಿಂದ ಒಂದು ಕಿಲೋವ್ಯಾಟ್ ಅವರ್‌ಗೆ 15 ಸಾವಿರ ರೂಪಾಯಿಯಂತೆ ಕೊಟ್ಟರು, 2023ರ ಜೂನ್‌ನಿಂದ ಅದು 10 ಸಾವಿರಕ್ಕೆ ಇಳಿಯಿತು. ಬ್ಯಾಟರಿ ಸೇರಿ ಮೂರು ವರ್ಷದ ವಾರಂಟಿ ಇರಬೇಕು ಎಂಬ ಷರತ್ತೂ ಇತ್ತು. ಆ ಕಾಲದ ಗಾಡಿಗಳು ವಾರಂಟಿ ಮುಗಿಸಿಕೊಂಡು ಈಗ ಹಳೇ ವಾಹನಗಳ ಅಂಗಡಿಗೆ ಬರುತ್ತಿವೆ. ತೆರಿಗೆದಾರರ ದುಡ್ಡನ್ನು ಬ್ಯಾಟರಿ ಅಳೆದು ಕೊಟ್ಟ ಸರಕಾರ ಅದೇ ಬ್ಯಾಟರಿ ಬಡವರ ಕೈಗೆ ಬರುವಾಗ ಅಳೆಯುವುದು ಬೇಡವೇ? 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿ ಮಾಡಿ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ತಂದರು. ಒಳ್ಳೆಯದಾಯಿತು. ಆದರೆ ನನ್ನ ಗಾಡಿಯಂತೆ ಅದಕ್ಕೂ ಮೊದಲು ತಯಾರಾದವು ರಸ್ತೆಯಲ್ಲಿವೆ, ಮನೆಯೊಳಗೆ ಚಾರ್ಜಾಗುತ್ತಿವೆ.

ಹಳೇ ವಾಹನಗಳ ವ್ಯಾಪಾರಕ್ಕೂ ನಿಯಮ ಇದೆ. 2023ರ ಏಪ್ರಿಲ್ 1ರಿಂದ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಇಲಾಖೆಗೆ ತಿಳಿಸಬೇಕು. ಮಾಲೀಕತ್ವ ಬದಲಿಸಲು 29 ಮತ್ತು 30ನೇ ನಮೂನೆಗಳನ್ನು ತುಂಬಿಸುತ್ತೇವೆ. ಇವುಗಳಲ್ಲಿ ಬ್ಯಾಟರಿಯ ಆರೋಗ್ಯ ಎಷ್ಟೆಂದು ಕೇಳುವ ಒಂದು ಸಾಲೂ ಇಲ್ಲ. ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಬೇಕು, ವಿದ್ಯುತ್ ಗಾಡಿಗೆ ಬೇಡ. ಅದರ ಜಾಗದಲ್ಲಿ ಬ್ಯಾಟರಿ ತಪಾಸಣೆಯ ಒಂದು ಹಾಳೆ ಇರಲಿ: ಬ್ಯಾಟರಿಯ ಕ್ರಮಸಂಖ್ಯೆ, ತಯಾರಾದ ತಿಂಗಳು, ಉಳಿದ ಸಾಮರ್ಥ್ಯ. ನಿಗದಿಯಾದ ಸಣ್ಣ ಶುಲ್ಕಕ್ಕೆ ಕಂಪೆನಿಯ ಸರ್ವಿಸ್ ಸೆಂಟರ್ ಅದನ್ನು ಕೊಡಲೇಬೇಕು. ಅದಿಲ್ಲದೆ ಆರ್‌ಸಿ ಹೆಸರು ಬದಲಾಗಬಾರದು. ನಮ್ಮ ಕಾಸರಗೋಡಿನಲ್ಲಿ ಅದು ಕನ್ನಡದಲ್ಲೂ ಸಿಗಬೇಕು. ಕಚೇರಿಗಳೊಂದಿಗೆ ನಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿದೆ.

ನಿಯಮ ಬರುವವರೆಗೆ ಕೊಳ್ಳುವವರು ಏನು ಮಾಡಬಹುದು? ಪೇಟೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿದರೆ ಸಾಲದು. ಚಾರ್ಜು ಅರ್ಧಕ್ಕಿಂತ ಕೆಳಗೆ ಇಳಿದಿರುವಾಗ ಇಬ್ಬರು ಕೂತು ಏರು ಹತ್ತಿಸಬೇಕು. ಶೇಕಡ ಲೆಕ್ಕ ಒಂದೊಂದಾಗಿ ಇಳಿಯದೆ ಹಾರಿ ಹಾರಿ ಇಳಿದರೆ ಬಿಟ್ಟುಬಿಡಿ. ಬೇಗ ಚಾರ್ಜಾಗುತ್ತದೆ ಎಂದು ಹೊಗಳಿದರೆ ನಂಬಬೇಡಿ, ಸಾಮರ್ಥ್ಯ ಕುಗ್ಗಿದ ಬ್ಯಾಟರಿಯೂ ಬೇಗ ತುಂಬುತ್ತದೆ. ಗಾಡಿ ಎಷ್ಟು ಕಾಲ ಸುಮ್ಮನೆ ನಿಂತಿತ್ತು ಎಂದು ಮೊದಲ ಮಾಲೀಕರನ್ನೇ ಕೇಳಿ. ಸೋತ ಗುಂಪಿನ ಜಾಗಕ್ಕೆ ಬೇರೆ ಕಡೆಯ ಹಳೇ ಸೆಲ್ ಹಾಕಿ ಕೊಡುತ್ತೇವೆ ಎನ್ನುವವರೂ ಇದ್ದಾರೆ. ನನಗೂ ಹಾಗೆ ಹೇಳಿದರು, ನಾನು ಒಪ್ಪಲಿಲ್ಲ. ಹೊಂದಿಕೆಯಾಗದ ಸೆಲ್‌ಗಳನ್ನು ಬೆರೆಸಿ ಬೆಸೆದ ಪೆಟ್ಟಿಗೆಯನ್ನು ಮಕ್ಕಳು ಮಲಗುವ ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕುವ ಧೈರ್ಯ ನನಗಿಲ್ಲ.

ನನ್ನ ಪ್ರಕರಣ ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. "ನೀವು ಗಾಡಿಯನ್ನು ದುಡಿಮೆಗೆ ಬಳಸುತ್ತೀರಿ, ಹಾಗಾಗಿ ಗ್ರಾಹಕರಲ್ಲ" ಎಂದು ಒಬ್ಬರು ಹೆದರಿಸಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಸ್ಪಷ್ಟವಾಗಿದೆ. ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದರ ಖರ್ಚನ್ನು ದೂರು ಕೊಟ್ಟವರೇ ಮುಂಗಡವಾಗಿ ಕಟ್ಟಬೇಕಾಗುತ್ತದೆ. ಸರ್ವಿಸ್ ಸೆಂಟರಿನ ಒಂದು ಹಾಳೆ ಇದ್ದಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ನಾನಾದರೂ ಅಂಗಡಿಯಿಂದ ಕೊಂಡದ್ದರಿಂದ ಈ ದಾರಿ ಇದೆ. ನೆರೆಮನೆಯವರಿಂದಲೋ ನೆಂಟರಿಂದಲೋ ಕೊಂಡವರಿಗೆ ಅದೂ ಕಷ್ಟ.

ಗಾಡಿಯನ್ನು ಅರ್ಧ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಯವರು ಈಗ ಹೇಳಿ ಕಳುಹಿಸಿದ್ದಾರೆ. ಬ್ಯಾಟರಿಯ ದೋಷವನ್ನು ಮುಂದಿನ ಗಿರಾಕಿಗೆ ಬರೆದು ಕೊಡುತ್ತೀರಾ ಎಂದು ಕೇಳಿದೆ. ಉತ್ತರ ಬಂದಿಲ್ಲ, ನಾನೂ ಗಾಡಿ ಕೊಟ್ಟಿಲ್ಲ. ಸರ್ವಿಸ್ ಸೆಂಟರಿನಲ್ಲಿ ಇದೇ ರೀತಿ ಮಾಹಿತಿ ಸಿಗದೆ ಹಿಂದೆ ಬಂದವರು ಜಿಲ್ಲೆಯಲ್ಲಿ ಇನ್ನೂ ಇರಬಹುದು. ಗಾಡಿ ಸರ್ವಿಸಿಗೆ ಕೊಟ್ಟಾಗ ಸಿಗುವ ಜಾಬ್ ಕಾರ್ಡ್ ಎಂಬ ಚೀಟಿಯನ್ನು ಬಿಸಾಡಬೇಡಿ. ಕೊಡುವುದಿಲ್ಲ ಎಂದದ್ದನ್ನು ಇಮೇಲಿನಲ್ಲಾದರೂ ಬರೆಸಿಕೊಳ್ಳಿ, 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ಕಾಸರಗೋಡಿನ ಸಾರಿಗೆ ಕಚೇರಿಗೂ ಕೊಡಿ. ನಾನು ಕೊಟ್ಟಿದ್ದೇನೆ.

– ಓರ್ವ ಪಿಗ್ಮಿ ಸಂಗ್ರಾಹಕಿ, ನೀರ್ಚಾಲು