ರೋಮಾ ಮಕ್ಕಳ ಬೇರೆ ಪಂಕ್ತಿ: ಯುರೋಪಿಯನ್ ಒಕ್ಕೂಟದ ಸಮಾನತಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಕೆಲಸದ ನಿಮಿತ್ತ ಸ್ಲೊವಾಕಿಯಾದ ಕೊಶಿತ್ಸೆ ನಗರದಲ್ಲಿ ನೆಲೆಸಿರುವ ಕನ್ನಡಿಗ ನಾನು. ಇಲ್ಲಿನ ಲುನಿಕ್ 9 ಬಡಾವಣೆಯ ನಿವಾಸಿಗಳು ಬಹುತೇಕ ರೋಮಾ ಜನರೇ. ಒಂದು ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ಅಂಗೈಯಲ್ಲಿದ್ದ ಚಿಲ್ಲರೆಯನ್ನು ‘ಯೆಖ್, ದುಯ್, ತ್ರಿನ್, ಶ್ತಾರ್, ಪಾಂಜ್’ ಎಂದು ಎಣಿಸುತ್ತಿದ್ದುದನ್ನು ಕೇಳಿ ನನಗೆ ಮೈ ನವಿರೆದ್ದಿತು. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟು ಹೊರಟ ರೋಮಾ ಜನರ ಭಾಷೆ ರೊಮಾನಿ ಅದು. ಅದರಲ್ಲಿ ಮನುಷ್ಯನಿಗೆ ‘ಮನುಶ್’ ಎನ್ನುತ್ತಾರೆ.

ಮನೆಯಲ್ಲಿ ರೊಮಾನಿ ಆಡಿ ಬೆಳೆದ ಇಂಥ ಮಕ್ಕಳನ್ನು ಬೇರೆ ಭಾಷೆಯ ಪರೀಕ್ಷೆಗೆ ಕೂರಿಸಿ, ಬುದ್ಧಿಮಾಂದ್ಯರೆಂದು ಷರಾ ಬರೆದು, ವಿಶೇಷ ಶಾಲೆಗಳಿಗೆ ಅಟ್ಟುವ ಪದ್ಧತಿ ಹೊಸದೇನಲ್ಲ. ಜೆಕ್ ದೇಶದ ಒಸ್ಟ್ರಾವಾ ನಗರದ 18 ಮಕ್ಕಳ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದು ತಾರತಮ್ಯವೇ ಎಂದು 2007ರ ನವೆಂಬರ್ 13ರಂದು ತೀರ್ಪಿತ್ತಿತು. ಇಂಥದೇ ತಾರತಮ್ಯಕ್ಕಾಗಿ ಸ್ಲೊವಾಕಿಯಾದ ವಿರುದ್ಧ ತಮ್ಮ ಯುರೋಪಿಯನ್ ಆಯೋಗ 2015ರಲ್ಲಿ ಕ್ರಮ ಆರಂಭಿಸಿತಾದರೂ, ಪ್ರಕರಣವನ್ನು ಒಕ್ಕೂಟದ ನ್ಯಾಯಾಲಯಕ್ಕೆ ಒಯ್ಯಲು ನಿರ್ಧರಿಸಿದ್ದು 2023ರ ಏಪ್ರಿಲ್‌ನಲ್ಲಿ. ಮೊದಲ ನೋಟಿಸು ಹೊರಟ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಎಂಟನೇ ತರಗತಿಯಲ್ಲಿತ್ತು. ಕಳೆದುಹೋದ ಆ ವರ್ಷಗಳನ್ನು ಯಾವ ತೀರ್ಪೂ ಅದಕ್ಕೆ ಮರಳಿ ಕೊಡಲಾರದು.

ರೋಮಾ ಜನರ ಸಮಾನತೆಗಾಗಿ ತಮ್ಮ ಆಯೋಗ 2020ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡ ಕಾರ್ಯಚೌಕಟ್ಟು, ಪ್ರತ್ಯೇಕ ಪ್ರಾಥಮಿಕ ಶಾಲೆಗಳಲ್ಲಿ ಓದುವ ರೋಮಾ ಮಕ್ಕಳ ಪ್ರಮಾಣವನ್ನು 2030ರೊಳಗೆ ಅರ್ಧಕ್ಕಾದರೂ ಇಳಿಸಬೇಕೆನ್ನುತ್ತದೆ. ಆದರೆ ತಮ್ಮದೇ ಮೂಲಭೂತ ಹಕ್ಕುಗಳ ಸಂಸ್ಥೆಯ ಸಮೀಕ್ಷೆಗಳನ್ನು ನೋಡಿದರೆ, ಎಲ್ಲರೂ ಅಥವಾ ಬಹುಪಾಲು ರೋಮಾ ಮಕ್ಕಳೇ ಇರುವ ಶಾಲೆಗಳಲ್ಲಿ ಕಲಿಯುವವರು 2016ರಲ್ಲಿ ಶೇ 44ರಷ್ಟಿದ್ದರೆ 2021ರಲ್ಲಿ ಶೇ 52ಕ್ಕೆ ಏರಿದ್ದರು. ಇಳಿಯಬೇಕಾದ ಅಂಕಿ ಏರಿತ್ತು.

ಕೇರಿಯೊಳಗೇ ಶಾಲೆ ಕಟ್ಟಿಕೊಟ್ಟರೆ ಮಕ್ಕಳಿಗೆ ಹತ್ತಿರವಾಗುತ್ತದೆ ಎಂಬ ವಾದವನ್ನು ಸದುದ್ದೇಶವೆಂದು ನಂಬುವವರಿದ್ದಾರೆ. ನಾನು ನಂಬಲಾರೆ. ಬೇರೆ ಪಂಕ್ತಿ ಹಾಕಿ ಹೊಟ್ಟೆತುಂಬ ಬಡಿಸಿದರೂ ಅದು ಬೇರೆ ಪಂಕ್ತಿಯೇ ಎಂಬುದು ನಮ್ಮ ನಾಡಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ, ಅಂಥ ಶಾಲಾ ಕಟ್ಟಡಗಳಿಗೆ ಒಕ್ಕೂಟದ ನಿಧಿಯಿಂದ ಒಂದು ಯೂರೊ ಕೂಡ ಸಲ್ಲದಂತೆ ನೋಡಿಕೊಂಡು, ಅದೇ ಹಣವನ್ನು ಮಕ್ಕಳು ಊರಿನ ಇತರ ಶಾಲೆಗಳಿಗೆ ಹೋಗಿಬರುವ ಬಸ್ಸಿಗೂ ರೊಮಾನಿ ಬಲ್ಲ ಸಹಾಯಕ ಶಿಕ್ಷಕರಿಗೂ ಕೊಡಿಸಬೇಕೆಂದು, ಪ್ರತಿ ಜಿಲ್ಲೆಯ ಅಂಕಿಅಂಶಗಳನ್ನು ವರ್ಷವರ್ಷವೂ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಕೊಶಿತ್ಸೆ ನಿವಾಸಿಯಾದ ಒಬ್ಬ ಕನ್ನಡಿಗ